ಮುಂದಿನ ಹಲಗೆಯ ಕೆಳಗಿದ್ದ ಮೂರನೇ ಚೀಲ

ಇಮ್ತಿಯಾಜಣ್ಣ, ನಿಮ್ಮ ದೋಣಿಯನ್ನು ನಾನು ಮೋಸದಿಂದ ಸೋಲಿಸಿದೆ. ಆರು ವರ್ಷವಾಯಿತು. ನನ್ನ ದಿನಚರಿಯಲ್ಲಿ ಆ ಪುಟ ಈಗಲೂ ಇದೆ — ಬುಧವಾರ, ಆಷಾಢ, ಪಡುವಣ ಗಾಳಿ, ಓಟ ಹನ್ನೆರಡು — ಎಲ್ಲ ಬರೆದಿದ್ದೇನೆ, ಮುಖ್ಯವಾದದ್ದೊಂದನ್ನು ಬಿಟ್ಟು.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಕ್ರಮ ತಪ್ಪಿದರೆ ನನ್ನ ಧೈರ್ಯವೂ ತಪ್ಪುತ್ತದೆ. ನೌಕಾಪಡೆಯಿಂದ ನಿವೃತ್ತರಾಗಿ ಹರಿಹರಕ್ಕೆ ಬಂದಿದ್ದ ಬಸವರಾಜ ಸರ್ ನಮ್ಮಂಥ ಏಳೆಂಟು ಜನರಿಗೆ ಹೊಳೆಯಲ್ಲಿ ಹಾಯಿ ದೋಣಿ ನಡೆಸುವುದನ್ನು ಕಲಿಸುತ್ತಿದ್ದರು. ದೋಣಿಗಳು ಎರಡು. ಒಂದು ಅವರು ಕರಾವಳಿಯಿಂದ ತಂದ ಹಳೆಯ ಫೈಬರ್ ದೋಣಿ — ಸಪೂರ, ಹಗುರ, ಗಾಳಿ ಸೋಕಿದರೆ ಚಿಮ್ಮುವಂಥದ್ದು. ಇನ್ನೊಂದನ್ನು, ಬಾಗಿಲು ಕಿಟಕಿ ಮಾಡುವ ಬಡಗಿಯಾದ ನೀವು, ಒಂದು ವರ್ಷ ಬಿಡುವಿನ ವೇಳೆಯಲ್ಲೆಲ್ಲ ಕೂತು ಸಾಗುವಾನಿಯಲ್ಲಿ ಕಟ್ಟಿದ್ದಿರಿ. ಕರಾವಳಿಯ ಸ್ಪರ್ಧೆಗೆ ಹೊರಟ ಲಾರಿಯಲ್ಲಿ ಒಂದಕ್ಕೇ ಜಾಗವಿತ್ತು. ದೂರದ ಪ್ರಯಾಣಕ್ಕೂ ಪಂದ್ಯಕ್ಕೂ ಒದಗುವ ದೋಣಿ ಯಾವುದೋ ಅದು ಹೋಗಲಿ ಎಂದರು ಸರ್. ಹೋಲಿಸಿ ಬರೆಯುವ ಕೆಲಸ ನನಗೆ ಬಂತು, ಏನನ್ನಾದರೂ ಎಣಿಸದೆ ಇರಲಾರದವಳು ನಾನೆಂದು.

ಪ್ರಯಾಣದ ಪುಟದಲ್ಲಿ ನಿಮ್ಮ ದೋಣಿಯದೇ ಮೇಲುಗೈ. ನಾಲ್ಕು ಜನ ಕಾಲು ಚಾಚಿ ಕೂರಬಹುದು, ಗಾಳಿ ಥಟ್ಟನೆ ಹೊಡೆದರೂ ಮಗುಚುವ ಭಯವಿಲ್ಲ. ಸಪೂರ ದೋಣಿಯಲ್ಲಿ ಎರಡು ಗಂಟೆಯೊಳಗೇ ಸೊಂಟ ಹಿಡಿಯುತ್ತಿತ್ತು, ಮಂಡಕ್ಕಿ ಪೊಟ್ಟಣ ಒದ್ದೆಯಾಗುತ್ತಿತ್ತು. ಉಳಿದದ್ದು ಓಟ; ಕೊನೆಯ ತೀರ್ಮಾನ ಅದರದೇ. ಭಾರ ಸಮನಾಗಿರಲೆಂದು ಎರಡರಲ್ಲೂ ಮೆಕ್ಕೆಜೋಳದ ಖಾಲಿ ಚೀಲಕ್ಕೆ ಮರಳು ತುಂಬಿ ಇಡುತ್ತಿದ್ದೆವು — ಒಂದೊಂದಕ್ಕೆ ಎರಡೇ ಚೀಲ. ನಿಮ್ಮದರಲ್ಲಿ ನೀವು, ಸಪೂರದಲ್ಲಿ ನಾನು. ಯಾವುದು ಆಯ್ಕೆಯಾಗುತ್ತದೋ ಅದರ ಚುಕ್ಕಾಣಿ ಹಿಡಿದವರೇ ಸ್ಪರ್ಧೆಗೆ. ನನಗೆ ಹೋಗಬೇಕಿತ್ತು. ಎಷ್ಟು ಹೋಗಬೇಕಿತ್ತೆಂದರೆ — ಬೇಡ, ಅದು ಕಾರಣವಾಗುವುದಿಲ್ಲ.

ಎಂಟು ಓಟ ಮುಗಿದಾಗ ನಿಮಗೆ ಐದು, ನನಗೆ ಮೂರು. ಮರುದಿನ ನಾನು ಪ್ರಯಾಣದ ಪುಟ ತುಂಬಲೆಂದು ನಿಮ್ಮ ದೋಣಿಯನ್ನು ಹೊಳೆಯ ಮೇಲ್ಭಾಗಕ್ಕೆ ಒಯ್ದಿದ್ದೆ. ಗಾಳಿಗೆ ಮೂತಿ ಏಳಬಾರದೆಂದು ಮುಂದಿನ ಹಲಗೆಯ ಕೆಳಗೆ ಇನ್ನೊಂದು ಚೀಲ ತುರುಕಿದೆ. ಬಂದ ಮೇಲೆ ತೆಗೆಯಲು ಮರೆತೆ. ಇಲ್ಲಿಯವರೆಗೆ ಅದು ಮರೆವು.

ಉಳಿದ ನಾಲ್ಕು ಓಟವನ್ನೂ ನಾನೇ ಗೆದ್ದೆ. "ಏನಾಗೈತ್ರಿ ಸರ್ ಇದಕ್ಕ? ಬಿರಿಯಾನಿ ತಿಂದು ಮಲಗಿದಂಗ ಐತಲ್ಲ!" ಎಂದು ನೀವು ದಡದಲ್ಲಿ ಎಲ್ಲರನ್ನೂ ನಗಿಸಿದಿರಿ. ನಾನೂ ನಕ್ಕೆ. ಆಮೇಲೆ ನೀರು ಒರೆಸಲು ನಿಮ್ಮ ದೋಣಿಯ ಮುಂದಿನ ಹಲಗೆಯ ಕೆಳಗೆ ಕೈ ಹಾಕಿದೆ. ಚೀಲ ಸಿಕ್ಕಿತು. ನೆನೆದು ಕಲ್ಲಿನಂತಾಗಿತ್ತು.

ಸುತ್ತ ನೋಡಿದೆ. ನೀವು ಹಾಯಿ ಮಡಚುತ್ತಿದ್ದಿರಿ. ಮರಳನ್ನು ಹೊಳೆಗೆ ಸುರಿದೆ.

"ಏನಮ್ಮ ಸುಮಾ, ಲೆಕ್ಕ ಏನಾತು?" ಎಂದರು ಸರ್.

"ಏಳು, ಐದು ಸರ್. ಸಪೂರ ದೋಣಿ."

ಇಷ್ಟೇ ಮಾತು. ಆ ನಾಲ್ಕು ಓಟ ಮತ್ತೆ ನಡೆಸೋಣ ಎನ್ನಬಹುದಿತ್ತು. ಇನ್ನೂ ಎರಡು ಗಂಟೆ ಬೆಳಕಿತ್ತು. ಸರ್ ಒಮ್ಮೆ ನಿಮ್ಮ ಮುಖ ನೋಡಿದರು. ನೀವೇ ಹೇಳಿದಿರಿ: "ತಂಗೆಮ್ಮ ಬರದಾಳಂದ್ರ ಮುಗೀತು ಬಿಡ್ರಿ ಸರ್. ತನಗ ಸೋಲಾಗಿದ್ರೂ ಹಂಗೇ ಬರೀತಿದ್ಲು."

ನಾನು ಸ್ಪರ್ಧೆಗೆ ಹೋಗಿ ಬಂದೆ. ಮರುವರ್ಷ ಸರ್ ತೀರಿಕೊಂಡರು, ತಂಡವೂ ಚದುರಿತು. ನೀವು ದೋಣಿಯ ಹಲಗೆಗಳನ್ನು ಒಂದೊಂದಾಗಿ ಬಿಚ್ಚಿ ಯಾರದೋ ಮನೆಯ ಬಾಗಿಲಿಗೆ ಹಾಕಿದಿರಿ.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಲ್ಯಾಬಿನಲ್ಲಿ ಈಗ ದಿನವೂ ರಕ್ತದ ಅಂಕಿ ಬರೆಯುತ್ತೇನೆ. ನನ್ನ ಅಕ್ಷರವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಆ ಸುಳ್ಳನ್ನು ಒಮ್ಮೆ ಹೇಳಿದರೆ ನಾನು ಬರೆದ ಅಂಕಿಗಳೆಲ್ಲವೂ — ಹೀಗೆಯೇ ಒಂದೊಂದು ವರ್ಷ ಮುಂದೆ ತಳ್ಳಿದೆ. ಮುಂದೆ ತಳ್ಳಿದಷ್ಟೂ ಹೇಳುವ ದಾರಿ ಕಿರಿದಾಗುತ್ತ ಬಂತು.

ಕಳೆದ ತಿಂಗಳು ನಿಮ್ಮ ಅಂಗಡಿಗೆ ಕಿಟಕಿ ಚೌಕಟ್ಟು ಹೇಳಲು ಬಂದಿದ್ದೆ. ದಾವಣಗೆರೆಯಿಂದ ಇಬ್ಬರು ಹುಡುಗಿಯರು ಬಂದು, ಓಟಕ್ಕೂ ಪ್ರವಾಸಕ್ಕೂ ಆಗುವಂಥ ಮರದ ದೋಣಿ ಕಟ್ಟಿಕೊಡಿ ಎಂದು ಕೇಳುತ್ತಿದ್ದರು. ನಿಮ್ಮ ಕೈ ಒಂದು ಕ್ಷಣ ಉಳಿಯ ಮೇಲೆ ನಿಂತಿತು. "ಬ್ಯಾಡವ್ವ. ನನ್ ಕೈಗೆ ಓಟದ ಅಳತಿ ಹತ್ತಲ್ಲ. ಇಲ್ಲೇ ಅದಾಳ ನೋಡ್ರಿ, ಈಕಿನ್ನ ಕೇಳ್ರಿ, ಲೆಕ್ಕ ಇಟ್ಟಾಳ."

ಅವರು ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ, ಹೌದು ಎಂಬಂತೆ. ಆ ಹುಡುಗಿಯರು ಹೊರಟುಹೋದರು. ಮೊದಲ ಸಲ ಮಾತಾಡಿ ಮಾಡಿದ್ದನ್ನು ಎರಡನೇ ಸಲ ಬಾಯಿ ಬಿಡದೆ ಮಾಡಿದೆ.

ನಿಮ್ಮ ದೋಣಿಯೇ ಗೆಲ್ಲುತ್ತಿತ್ತು ಎಂದು ಬರೆದುಬಿಡಬೇಕೆನಿಸುತ್ತದೆ. ಅದೂ ಸುಳ್ಳಾಗುತ್ತದೆ. ಗೆಲ್ಲುತ್ತಿತ್ತೋ ಇಲ್ಲವೋ — ಗೊತ್ತಿಲ್ಲ; ತಿಳಿಯಲು ಆ ದೋಣಿಯೇ ಇಲ್ಲ. ನಿಜವಾಗಿ ಓಡಿದ ಓಟ ಎಂಟು. ಅದರಲ್ಲಿ ಐದು ನಿಮ್ಮವು. ನನಗೆ ಖಚಿತವಾಗಿ ಗೊತ್ತಿರುವುದು ಅಷ್ಟೇ.

ಆ ಹುಡುಗಿಯರನ್ನು ದಾವಣಗೆರೆಯ ಸರಸ್ವತಿ ನಗರದಲ್ಲಿ ಹುಡುಕಿ ನಿನ್ನೆ ಸಂಜೆ ಎಲ್ಲವನ್ನೂ ಹೇಳಿದೆ. ಅವರಲ್ಲೊಬ್ಬಳು, "ಇದನ್ನ ನಮಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ" ಎಂದಳು.

ಭಾನುವಾರ ಬೆಳಿಗ್ಗೆ ನೀವು ಅಂಗಡಿ ತೆರೆಯುವ ಹೊತ್ತಿಗೆ ಬರುತ್ತೇನೆ. ಇದನ್ನು ನಿಮ್ಮ ಕೈಗೆ ಕೊಟ್ಟು ಹೋಗುವುದಿಲ್ಲ, ನಿಮ್ಮೆದುರೇ ಓದುತ್ತೇನೆ. ನೀವು ಬಾಗಿಲು ಹಾಕಿಕೊಂಡರೂ ಹೊರಗೆ ನಿಂತು ಕೊನೆಯವರೆಗೆ ಓದುತ್ತೇನೆ.