ಅಣ್ಣನ ವೈರು, ನನ್ನ ಬಣ್ಣ

ನಮ್ಮಣ್ಣನ ಜೊತೆ ವೈರು ತರಲು ಹೋದರೆ ಸಾಕುಸಾಕಾಗಿ ಹೋಗುತ್ತದೆ. ಅಂಗಡಿಯವನು ಸುರುಳಿ ಬಿಚ್ಚುವ ಮುಂಚೆಯೇ ಅಣ್ಣನ ಜೇಬಿನಿಂದ ಚಾಕು ಹೊರಬಂದಿರುತ್ತದೆ. ತುದಿಯ ಸಿಪ್ಪೆ ಸುಲಿದು, ಒಂದೇ ಒಂದು ಎಳೆಯನ್ನು ಕೆರೆದು, ಬಿಸಿಲಿಗೆ ಹಿಡಿಯುತ್ತಾನೆ. ಮೇಲೆ ತಾಮ್ರದ ಬಣ್ಣವಿದ್ದು ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ; ಮಾತಿಲ್ಲದೆ ಸುರುಳಿಯನ್ನು ಹಿಂದಕ್ಕೆ ತಳ್ಳುತ್ತಾನೆ. ಮೇಲೆ ಬಿಳಿ, ಒಳಗೆ ತಾಮ್ರವಿದ್ದರೆ ತವರ ಬಳಿದ ಅಸಲಿ ಮಾಲು. ಆಗ ಮುಖದ ಗಂಟು ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಕನೆಕ್ಟರಿನೊಳಗಿನ ರಬ್ಬರ್ ಬಳೆಯನ್ನು ವೈರಿಗೆ ತೊಡಿಸಿ, ಎಳೆದು, ತಿರುಗಿಸಿ, ಕೂದಲೆಳೆಯಷ್ಟು ಸಡಿಲವಿದ್ದರೂ "ಇದ್ರಲ್ಲಿ ನೀರು ಹೋಗತ್ತೆ, ಬೇರೆ ಕೊಡಿ" ಅನ್ನುತ್ತಾನೆ. ನಮ್ಮನ್ನು ದೂರದಲ್ಲಿ ಕಂಡರೆ ಸಾಕು, ಅಂಗಡಿಯವನು ಬೆಳಗ್ಗೆ ಹತ್ತು ಗಂಟೆಗೇ ಊಟಕ್ಕೆ ಎದ್ದುಹೋಗುತ್ತಾನೆ.

ನಮ್ಮದು ಒಂದೇ ಶೆಡ್ಡು. ಗುಡ್ಡ, ಕಲ್ಲುದಾರಿ, ಹಳ್ಳದಲ್ಲಿ ಓಡಾಡುವ ಜೀಪುಗಳು ಬರುತ್ತವೆ. ಎಡಗಡೆ ಅಣ್ಣನ ವೈರಿಂಗು, ಬಲಗಡೆ ನನ್ನ ಪೇಂಟು. ನಡುವೆ ಗೋಡೆಯಿಲ್ಲ, ಅಪ್ಪನ ಕಟ್ಟಪ್ಪಣೆಯಿದೆ. ಮೊದಮೊದಲು ನಾವಿಬ್ಬರೂ ಒಂದೇ ಗಾಡಿಗೆ ಕೈ ಹಾಕಿ ಸ್ಪ್ಯಾನರ್ ಎತ್ತುವಷ್ಟು ಕಿತ್ತಾಡಿದ್ದೆವು. ಅವತ್ತು ಅಪ್ಪ ಇಬ್ಬರನ್ನೂ ನಿಲ್ಲಿಸಿ, ಒಬ್ಬನ ಕೆಲಸದ ಬಗ್ಗೆ ಇನ್ನೊಬ್ಬ ತುಟಿ ಪಿಟಕ್ಕೆನ್ನಬಾರದು ಎಂದು ಆಣೆ ಹಾಕಿಸಿದರು. ಹದಿನೆಂಟು ವರ್ಷವಾಯಿತು. ಅತ್ತಿಗೆಯ ಮುನಿಸು, ನನ್ನ ಹಲ್ಲುನೋವು, ಪಕ್ಕದ ಮನೆಯ ನಾಯಿ, ಎಲ್ಲದರ ಬಗ್ಗೆಯೂ ಹರಟುತ್ತೇವೆ. ಕೆಲಸದ ಮಾತು ಮಾತ್ರ ಇಲ್ಲ.

ಈ ವರ್ಷ ನಮ್ಮ ನೆಮ್ಮದಿಗೆ ಕಲ್ಲು ಹಾಕಿದ್ದು ಅಕ್ಕನ ಜೀಪು. ಅಕ್ಕ ನರ್ಸು. ಗುಡ್ಡದಾಚೆಯ ಮನೆಗಳಿಗೆ ತಾನೇ ಜೀಪು ಓಡಿಸಿಕೊಂಡು ಹೋಗಿ ಬಾಣಂತಿಯರನ್ನು ನೋಡಿ ಬರುತ್ತಾಳೆ. ವಾಪಸ್ಸು ಬರುವ ಹೊತ್ತಿಗೆ ಮಬ್ಬುಗತ್ತಲು, ಅದರ ಮೇಲೆ ಹಳ್ಳ ಬೇರೆ ದಾಟಬೇಕು. ಜೀಪಿನ ಸ್ವಂತ ದೀಪ ಆ ದಾರಿಗೆ ಏನೇನೂ ಸಾಲದು. ಹಾಗಾಗಿ ಹೊಸ ಬಂಪರ್ ಹಾಕಿಸಿ ಅದರ ಮೇಲೆ ಎರಡು ದೊಡ್ಡ ದೀಪ ಕೂರಿಸಿದೆವು. ಎಂಟೇ ದಿನ. ಹಳ್ಳದ ನಟ್ಟನಡುವೆ ಎರಡೂ ಆರಿದವು.

ಶೆಡ್ಡಿಗೆ ತಂದು ಸ್ವಿಚ್ ಒತ್ತಿದರೆ ಝಗಮಗ! ಮೈಯೆಲ್ಲ ಉರಿಯಿತು. ಅಣ್ಣ ಕನೆಕ್ಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಎರಡು ವಾರಕ್ಕೆ ಮತ್ತೆ ಅದೇ ಜಾಗ, ಅದೇ ಕತ್ತಲು. ಈ ಸಲ ಬ್ಯಾಟರಿಯಿಂದ ದೀಪದವರೆಗೂ ಇನ್ನೂ ದಪ್ಪನೆಯ ವೈರು ಎಳೆದ. ಅದಕ್ಕಾಗಿ ನಾಲ್ಕು ಅಂಗಡಿ ಸುತ್ತಿದೆವು. ಅಡುಗೆಮನೆಯ ಲೋಟಗಳಲ್ಲಿ ಉಪ್ಪುನೀರು ತುಂಬಿ ವೈರಿನ ತುಂಡುಗಳನ್ನು ನೆನೆಹಾಕಿದ. ಯಾವುದು ಹಸಿರುಗಟ್ಟುತ್ತದೋ ಅದು ಬೇಡವಂತೆ. ಆ ಲೋಟಗಳಲ್ಲೊಂದನ್ನು ನಾನು ಬರೀ ನೀರೆಂದು ಕುಡಿದೂಬಿಟ್ಟೆ. ಇಷ್ಟೆಲ್ಲ ಆದಮೇಲೂ ಮೊನ್ನೆ ದೀಪ ಆರಿತು.

ಅಕ್ಕ ಮಾರನೆಯ ಬೆಳಗ್ಗೆಯೇ ಬಂದಳು. ಸೊಂಟದವರೆಗೂ ಒಣಗಿದ ಕೆಸರು.

"ಬಂಡೆಗೆ ಗುದ್ದಿದೀನಿ. ಇನ್ನೊಂದು ಗೇಣು ಆ ಕಡೆ ಹೋಗಿದ್ರೆ ಜೀಪೂ ಇಲ್ಲ, ನಾನೂ ಇಲ್ಲ. ನಿನಗೆ ಆಗಲ್ಲ ಅಂದ್ರೆ ಹೇಳ್ಬಿಡೋ, ಬೇರೆ ಕಡೆ ತೋರಿಸ್ತೀನಿ."

ಅಣ್ಣ ವೈರಿನ ತುದಿ ಒತ್ತುವ ಇಕ್ಕಳವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟ. "ತೋರಿಸಕ್ಕ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು. ಇನ್ಮೇಲೆ ಬಲ್ಬು ಬದಲಾಯಿಸ್ಕೊಂಡು ಇರ್ತೀನಿ."

ಇಷ್ಟು ದಿನ ಅವನ ಚಾಕು, ಲೋಟ, ರಬ್ಬರ್ ಬಳೆಗೆ ಹಲ್ಲು ಕಡಿದವನು ನಾನೇ. ಆದರೆ ಅಣ್ಣ ಆ ಇಕ್ಕಳವಿಲ್ಲದೆ ಏನು ಮಾಡಿಯಾನು?

ಅವನು ಜೀಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನಷ್ಟಕ್ಕೇ ಗೊಣಗುತ್ತಿದ್ದ. "ಕನೆಕ್ಟರ್ ಬದಲಾಯಿಸ್ದೆ. ವೈರು ಬದಲಾಯಿಸ್ದೆ. ಸ್ವಿಚ್ಚು, ಫ್ಯೂಸು ಎಲ್ಲ ನೋಡ್ದೆ. ಅರ್ತ್ ಬೋಲ್ಟ್ ಒಂದು ಮುಟ್ಟಿಲ್ಲ. ಅದನ್ನೇನು ಮುಟ್ಟೋದು? ಬಂಪರ್ ಬಂದ ದಿನವೇ ಕಬ್ಬಿಣ ಹೊಳೆಯೋ ಹಾಗೆ ಕೆರೆದು ಕೂರಿಸಿದೀನಿ."

ನನ್ನ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು.

ದೀಪಕ್ಕೆ ಹೋದ ಕರೆಂಟು ಗಾಡಿಯ ಕಬ್ಬಿಣದ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು. ಅದಕ್ಕೆಂದೇ ಹೆಬ್ಬೆರಳಗಲದ ಜಾಗವನ್ನು ಅಣ್ಣ ಬೆತ್ತಲೆ ಮಾಡಿ ಬೋಲ್ಟ್ ಬಿಗಿದಿದ್ದ. ನಾನು ನೋಡಿದ್ದು ಮಾತ್ರ ಹೊಸ ಬಂಪರಿನ ಮೇಲೊಂದು ಕೆರೆದ ಗಾಯ. ಹಾಗೇ ಬಿಟ್ಟರೆ ತುಕ್ಕು ಹಿಡಿಯುವುದಿಲ್ಲವೇ? ಬೋಲ್ಟ್ ಬಿಚ್ಚಿ, ಎರಡು ಕೋಟು ಕಪ್ಪು ಬಳಿದು, ಒಣಗಿಸಿ, ಮೊದಲಿದ್ದ ಹಾಗೇ ಬಿಗಿದಿದ್ದೆ. ಹೇಳಲಿಲ್ಲ. ಹೇಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲವಲ್ಲ! ಬಣ್ಣದಲ್ಲಿ ಕರೆಂಟು ಹಾಯುವುದಿಲ್ಲ; ನಿಂತ ಜೀಪಿನಲ್ಲಿ ಬೋಲ್ಟಿನ ತಿರುಪು ಕಬ್ಬಿಣಕ್ಕೆ ಅಷ್ಟಿಷ್ಟು ತಾಗಿ ದೀಪ ಉರಿಯುತ್ತಿತ್ತು. ಹಳ್ಳದ ಕಲ್ಲಿನ ಮೇಲೆ ಕುಲುಕಿದಾಗ ಆರುತ್ತಿತ್ತು.

"ಅಣ್ಣ, ಆ ಬೋಲ್ಟ್ ಬಿಚ್ಚು."

"ನಿನ್ನ ಕೆಲಸ ನೋಡ್ಕೋ."

"ಅದು ನನ್ನ ಕೆಲಸಾನೇ," ಎಂದು ಸ್ಪ್ಯಾನರ್ ಕಿತ್ತುಕೊಂಡು ನಾನೇ ಬಿಚ್ಚಿದೆ.

ವೈರಿನ ತುದಿಯ ಲೋಹದ ಉಂಗುರದ ಅಡಿಯಲ್ಲಿ ನುಣ್ಣನೆಯ ಕಪ್ಪು ಬಣ್ಣ. ಅಣ್ಣ ಹೆಬ್ಬೆರಳಿಂದ ಸವರಿ ನೋಡಿದ. ಬೈಯಲಿ, ಹೊಡೆಯಲಿ ಎಂದು ಕಾದೆ. ಎರಡು ತಿಂಗಳು ಅವನ ನಿದ್ದೆ ಕೆಡಿಸಿದವನು, ಅಕ್ಕನನ್ನು ಬಂಡೆಗೆ ಗುದ್ದಿಸಿದವನು ನಾನು.

"ಚೆನ್ನಾಗಿ ಬಳಿದಿದೀಯ," ಅಂದ. "ಎಲ್ಲೂ ಚೂರೂ ಬಿಟ್ಟಿಲ್ಲ."

ಅದಕ್ಕಿಂತ ಕಪಾಳಕ್ಕೆ ಕೊಟ್ಟಿದ್ದರೆ ಚೆನ್ನಾಗಿತ್ತು. ಉಪ್ಪುಕಾಗದ ತಂದು ನಾನೇ ಉಜ್ಜತೊಡಗಿದೆ. ನನ್ನ ಕೈಯಿಂದ ನನ್ನ ಬಣ್ಣವನ್ನೇ ಕೆರೆದದ್ದು ಅದೇ ಮೊದಲು. ಅಷ್ಟರಲ್ಲಿ ಅಣ್ಣ ಅಟ್ಟದಿಂದ ಇಕ್ಕಳ ಇಳಿಸಿ, ವೈರಿಗೆ ಹೊಸ ಉಂಗುರ ಒತ್ತಿದ.

ಮಾರನೆಯ ಸಂಜೆ ಹಳ್ಳದ ಆಚೆಯಿಂದ ಅಕ್ಕನ ಫೋನು ಬಂತು. ನೀರಿನ ಸದ್ದಿಗೆ ಅವಳು ಕೂಗಿಯೇ ಮಾತಾಡುತ್ತಿದ್ದಳು.

"ದಾಟಿದೆ ಕಣ್ರೋ! ಎರಡೂ ಉರೀತಿವೆ! ಈ ಸಲ ಯಾವ ವೈರು ಹಾಕ್ದೆಯೋ?"

ಅಣ್ಣ ನನ್ನ ಕಡೆ ನೋಡಿದ.

"ಅದೇ ವೈರು ಅಕ್ಕ. ತಮ್ಮ ಬಾಯಿಬಿಟ್ಟ."