ಗೋಡೆ ನೋಡಿ ನಿಂತ ಪಾದ್ರಿ ಸಾಹೇಬರು

ಎಮ್ಮೆ ಬಾಗಿಲಿಗೆ ಬಂದು ನಿಂತಿತ್ತು. ಪಾದ್ರಿ ಸಾಹೇಬರು ಗೋಡೆಗೆ ಮುಖ ಮಾಡಿ ನಿಂತಿದ್ದರು. ನಡುವೆ ಗೌಳಿ ಬಸಪ್ಪ ಹಾಲು ಕರೆಯುವ ಖಾಲಿ ಚರಿಗೆಯನ್ನು ಬೋರಲು ಹಿಡಿದು ಕೂಗುತ್ತಿದ್ದ: “ಈ ಕಡೆ ನೋಡ್ರಿ ಸಾಹೇಬ್ರ! ಒಂದ ಹನಿ ನೀರಿಲ್ಲ, ನೋಡ್ರಿ!”

ಅರವತ್ತರ ದಶಕದ ಮಾತು. ಮಾಳಮಡ್ಡಿಯ ನಮ್ಮ ಪಕ್ಕದ ಮನೆಗೆ ಆ ವಾರವಷ್ಟೇ ಬಂದಿಳಿದ ಪರದೇಶದ ಪಾದ್ರಿ ಅವರು. ಹಾಲು ಕರೆಯುವಾಗ ಕಾವಲು ನಿಂತು ನೋಡಿದರೆ ಗೌಳಿಯನ್ನು ಕಳ್ಳ ಎಂದ ಹಾಗಾಗುತ್ತದೆ ಎಂಬುದು ಅವರ ಸಂಕೋಚ. ಗೌಳಿಯ ಸಂಕಟವೇ ಬೇರೆ.

“ಅಕ್ಕಾರ, ನೀವರ ಹೇಳ್ರಿ,” ಎಂದು ನಮ್ಮ ಅಂಗಳದಲ್ಲಿ ನಿಂತಿದ್ದ ನನ್ನತ್ತ ತಿರುಗಿದ. “ಇವ್ರು ನೋಡಲಿಲ್ಲಂದ್ರ, ನಾ ನೀರು ಹಾಕ್ತೇನಿ ಅಂತಾರ್ರಿ ಓಣಿ ಮಂದಿ! ನನ್ನ ಮರ್ಯಾದಿ ಏನಾಗಬೇಕು?”

ನಗು ತಡೆದುಕೊಂಡು, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಸಾಹೇಬರಿಗೆ ತಿಳಿಸಿ ಹೇಳಿದೆ. ಮರುದಿನ ಅವರು ಕೆಚ್ಚಲಿನ ಎದುರಿಗೇ ಕುರ್ಚಿ ಹಾಕಿ, ಕನ್ನಡಕ ಒರೆಸಿಕೊಂಡು ಕೂತರು. ಬಸಪ್ಪನ ಮುಖ ಅರಳಿತು. ಎಮ್ಮೆಗೆ ಮಾತ್ರ ಆ ಉದ್ದನೆಯ ಬಿಳಿ ನಿಲುವಂಗಿಯ ಮೇಲೆ ನಂಬಿಕೆ ಬರಲಿಲ್ಲ. ಒಂದೇ ಒದೆತಕ್ಕೆ ಚರಿಗೆ ಅಂಗಳದಾಚೆ ಬಿತ್ತು.

ಈಗ ನಮ್ಮ ಮನೆಗೂ ಪ್ಯಾಕೆಟ್ ಹಾಲು ಬರುತ್ತದೆ. ಕತ್ತರಿಸುವಾಗಲೆಲ್ಲ ಅನ್ನಿಸುತ್ತದೆ, ನಾವೆಲ್ಲ ಗೋಡೆಗೆ ಮುಖ ಮಾಡಿ ನಿಂತ ಪಾದ್ರಿಗಳೇ.