ಒಂದೇ ಬಾಟಲಿ ರೋಸ್‌ಮರಿ ಎಣ್ಣೆ, ಎರಡು ತಲೆ

ಎಂಬತ್ತರ ದಶಕದ ನಡುಭಾಗ. ಹೊಸಪೇಟೆಯಲ್ಲಿ ಚರ್ಮರೋಗ ವೈದ್ಯೆಯಾಗಿ ಕ್ಲಿನಿಕ್ ತೆರೆದು ನನಗೆ ಎರಡನೆಯ ವರ್ಷ. ಅಪ್ಪ ಕಾಲುವೆ ತೋಡುವ ಕೂಲಿಗೆ ಹೋದವರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬೋರ್ಡಿನ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲೇ ಬರೆಸಿದ್ದೆ.

ಒಂದು ಬೆಳಿಗ್ಗೆ ಪಾಪಿನಾಯಕನಹಳ್ಳಿಯಿಂದ ಹುಲಿಗೆಮ್ಮ ತನ್ನ ಸೊಸೆ ದುರುಗಮ್ಮನನ್ನು ಕರೆತಂದಳು. ಸೊಸೆ ಸಂಡೂರಿನ ಗುಡ್ಡದಲ್ಲಿ ಅದಿರಿನ ಬುಟ್ಟಿ ಹೊರುವವಳು. ನೆತ್ತಿಯಲ್ಲಿ ಅಂಗೈಯಗಲ ಕೂದಲಿರಲಿಲ್ಲ.

“ಹುಳ ಹತ್ತೈತ್ರಿ. ಮನಿಮಂದಿಗೆ ಹತ್ತೂಕಿಂತ ಮೊದ್ಲ ತವರಿಗೆ ಕಳಸ್ತೀನಿ,” ಎಂದಳು ಅತ್ತೆ.

ನೆತ್ತಿಯ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಫಂಗಸ್ ಇರಲಿಲ್ಲ, ಅಂಟುವ ರೋಗವಲ್ಲ. ಹಾಗಾದರೆ ಯಾವುದು? ಬುಟ್ಟಿಯಡಿ ತಲೆಗಿಡುವ ಬಟ್ಟೆಯ ಸಿಂಬಿಯ ಮೇಲೆ ದಿನವೂ ಭಾರ ಕೂತು ಕೂದಲು ಹೋಗಿದ್ದರೆ ಅದು ಪ್ರೆಶರ್ ಅಲೋಪೀಸಿಯಾ. ದೇಹವೇ ಕೂದಲ ಬೇರಿನ ಮೇಲೆ ತಿರುಗಿಬಿದ್ದಿದ್ದರೆ ಅಲೋಪೀಸಿಯಾ ಏರಿಯೇಟಾ. ಅದು ಕೆಲವೊಮ್ಮೆ ಔಷಧವಿಲ್ಲದೆಯೂ ವಾಸಿಯಾಗುತ್ತದೆ. ಆ ನೆತ್ತಿ ನೋಡಿದರೆ ಎರಡೂ ಅನ್ನಿಸುತ್ತಿತ್ತು. ಕೆಲವು ತಿಂಗಳು ಬುಟ್ಟಿ ಬಿಡಲಿ ಎಂದೆ.

“ಬುಟ್ಟಿ ಬಿಟ್ರ ಹೊಟ್ಟಿಗೇನ್ರಿ?” ಎನ್ನುತ್ತ ಹುಲಿಗೆಮ್ಮ ಚೀಲದಿಂದ ಬಾಟಲಿಯೊಂದನ್ನು ತೆಗೆದಳು. ಲಾರಿ ಓಡಿಸುವ ಮಗ ಊಟಿಯಿಂದ ತಂದ ರೋಸ್‌ಮರಿ ಎಣ್ಣೆ. “ಇದನ್ನರ ಹಚ್ಚಬೇಕೋ, ಬ್ಯಾಡೋ?”

ನಾನು ಓದಿದ ಪುಸ್ತಕಗಳಲ್ಲಿ ಅದರ ಸುದ್ದಿ ಇರಲಿಲ್ಲ. ಹಾಗೇ ಹಚ್ಚಿದರೆ ಉರಿಯುತ್ತದೆ, ಕೊಬ್ಬರಿ ಎಣ್ಣೆಗೆ ಕೆಲವೇ ಹನಿ ಬೆರೆಸಿ ಹಚ್ಚಲಿ ಎಂದು ಕಳಿಸಿದೆ.

ಕೆಲವು ತಿಂಗಳ ಮೇಲೆ ಇಬ್ಬರೂ ಮತ್ತೆ ಬಂದರು. ದುರುಗಮ್ಮನ ನೆತ್ತಿ ತುಂಬಿತ್ತು. ನಾನು ಹಿಗ್ಗುವಷ್ಟರಲ್ಲಿ ಹುಲಿಗೆಮ್ಮ ಸೆರಗು ಸರಿಸಿ ತನ್ನ ಬೈತಲೆ ತೋರಿಸಿದಳು. ಅದು ಅಗಲವಾಗಿ ಬಯಲಾಗಿತ್ತು.

“ಅದ ಬಾಟ್ಲಿ, ಅದ ಎಣ್ಣಿ. ಈಕಿಗೆ ಬಂತು, ನನಗ ಬರ್ಲಿಲ್ಲ. ನನಗ ಬ್ಯಾರೆ ಬಟ್ಲಾಗ ಕೊಡೋ ಎಣ್ಣ್ಯಾಗ ಏನೋ ಕಲಸ್ಯಾಳ. ಇಂಥಾಕಿ ನನ್ನ ಮನ್ಯಾಗ ಬ್ಯಾಡ.”

“ನಾ ಯಾಕ ಕಲಸ್ಲಿ ಅತ್ತಿ? ನಿನ್ನ ತಲಿ ಬೋಳಾದ್ರ ನನಗ ಸಿಂಹಾಸನ ಸಿಗತೈತೇನು?”

ಬುಟ್ಟಿ ಈಗಲೂ ಹೊರುತ್ತೀಯಾ ಎಂದು ದುರುಗಮ್ಮನನ್ನು ಕೇಳಿದೆ.

“ಇಲ್ರಿ. ಎಣ್ಣಿ ಹಚ್ಚಿದ ತಲಿ ಮ್ಯಾಲ ಸಿಂಬಿ ಜಾರತೈತ್ರಿ. ಯಾರ ಕಾಲಮ್ಯಾಲರ ಬಿದ್ದೀತಂತ ಮೇಸ್ತ್ರಿ ನನ್ನನ್ನ ಬುಟ್ಟಿ ತುಂಬೋ ಕೆಲಸಕ್ಕ ಹಾಕ್ಯಾನ.”

ನನ್ನ ತಲೆಯಲ್ಲಿ ಗೊಂದಲ ಇನ್ನಷ್ಟಾಯಿತು. ಕೂದಲು ಬಂದದ್ದು ಎಣ್ಣೆಯಿಂದಲೋ, ಭಾರ ಇಳಿದದ್ದರಿಂದಲೋ, ಇಲ್ಲಾ ತಾನಾಗಿಯೋ?

“ಸುತ್ತು ಮಾತು ಬ್ಯಾಡ ಡಾಕ್ಟ್ರಮ್ಮ. ಎಣ್ಣಿ ಕೆಲಸ ಮಾಡತೈತೋ, ಇಲ್ಲೋ?” ಹುಲಿಗೆಮ್ಮ ಕೇಳಿದಳು.

ಹೌದೆಂದರೆ, ಅತ್ತೆಗೆ ಕೂದಲು ಬಾರದ್ದಕ್ಕೆ ಸೊಸೆಯೇ ಕಳ್ಳಿಯಾಗುತ್ತಾಳೆ. ಇಲ್ಲವೆಂದರೆ ಎಣ್ಣೆ ನಿಲ್ಲುತ್ತದೆ, ಸಿಂಬಿ ಜಾರುವುದಿಲ್ಲ, ನಾಳೆಯೇ ಅವಳು ಬುಟ್ಟಿಯ ಕೆಳಗೆ. ದುರುಗಮ್ಮ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

“ನನಗ ಗೊತ್ತಿಲ್ಲ,” ಎಂದೆ.

“ಅಯ್ಯ, ಇಷ್ಟು ಓದಿ ಗೊತ್ತಿಲ್ಲಂತೀರಲ್ರಿ!”

“ಗೊತ್ತಿದ್ದಷ್ಟು ಹೇಳ್ತೀನಿ ಕೇಳ್ರಿ. ನಿಮ್ದು ವಯಸ್ಸಿನ ಮ್ಯಾಲ ಬರೋ ಬ್ಯಾರೆ ತರದ್ದು. ಆಕಿ ಏನೂ ಕಲಸಿಲ್ಲ. ಆಕಿಗೆ ಯಾವುದ್ರಿಂದ ಬಂತು ಅಂತ ತಿಳೀಬೇಕಂದ್ರ ಎಣ್ಣಿ ನಿಲ್ಲಸ್ರಿ, ಬುಟ್ಟೀನೂ ಹೊರಸಬ್ಯಾಡ್ರಿ, ತುಂಬೋ ಕೆಲಸದಾಗ ಇರಲಿ. ಹೊತ್ರ ಮತ್ತ ಉದರೀತು.”

ಹುಲಿಗೆಮ್ಮ ಚೀಲದಿಂದ ಬಾಟಲಿ ತೆಗೆದು ಎತ್ತಿ ನೋಡಿದಳು. “ಹಂಗಾರ ಬಾಟ್ಲಿ ಪೂರಾ ನಂದಾ?”

“ಪೂರಾ ನಿಮ್ದ.”

ಬಾಟಲಿ ಅವಳ ಸೊಂಟ ಸೇರಿತು. ಅತ್ತೆ ಸೊಸೆ ಒಂದೇ ಬಸ್ಸಿಗೆ ಹೋದರು.

ಎಣ್ಣೆ ಬಿಟ್ಟರೂ ದುರುಗಮ್ಮನ ಕೂದಲು ಉದುರದೆ ಉಳಿಯಿತು. ಹಾಗೆಂದು ಭಾರವೇ ಕಾರಣ ಎಂದು ಬರೆದುಕೊಡಲು ಇಂದಿಗೂ ನನಗೆ ಧೈರ್ಯವಿಲ್ಲ. ಹುಲಿಗೆಮ್ಮ ತನ್ನ ಕೂದಲು ಉದುರುವುದು ಕಡಿಮೆಯಾಗಿದೆ ಎಂದಳು. ನನ್ನ ಕಣ್ಣಿಗೆ ಬೈತಲೆ ಹಾಗೇ ಇತ್ತು. ಕಷ್ಟಪಟ್ಟು ಓದಿದವರಿಗೆ “ಗೊತ್ತಿಲ್ಲ” ಎನ್ನುವುದು ಅವಮಾನದ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ದಿನ ಗೊತ್ತಿರುವವಳಂತೆ ಏನು ಹೇಳಿದ್ದರೂ ಏಟು ಬೀಳುತ್ತಿದ್ದದ್ದು ದುರುಗಮ್ಮನಿಗೇ.